ನರದ ಸಾಕ್ಷಿ

ಮಗುವಿಗೆ ಏಳೆಂಟು ತಿಂಗಳಾದರೂ ಕರೆದಾಗ ತಿರುಗಿ ನೋಡದಿದ್ದರೆ ನಮ್ಮ ಮನೆಗಳಲ್ಲಿ ಅಜ್ಜಿಯರು ಒಂದು ಪರೀಕ್ಷೆ ಮಾಡುತ್ತಿದ್ದರು. ಮಗುವಿನ ಬೆನ್ನ ಹಿಂದೆ ನಿಂತು ಹಿತ್ತಾಳೆ ತಟ್ಟೆಯನ್ನು ಸೌಟಿನಿಂದ ಬಡಿಯುವುದು. ಮಗು ಬೆಚ್ಚಿದರೆ ಕಿವಿ ಕೇಳುತ್ತದೆ ಎಂದು ಅರ್ಥ; ಬೆಚ್ಚದಿದ್ದರೆ ಮತ್ತೊಮ್ಮೆ, ಇನ್ನೂ ಜೋರಾಗಿ.

ಈ ಪರೀಕ್ಷೆಯನ್ನು ನೋಡಿ ನಗುವಂತಿಲ್ಲ. ಒಂದು ಪ್ರಚೋದನೆ ಕೊಡುವುದು, ಅದಕ್ಕೆ ಬರುವ ಪ್ರತಿಕ್ರಿಯೆಯನ್ನು ಗಮನಿಸುವುದು. ಇಂದಿನ ನರವೈದ್ಯರು ಮಾಡುವುದೂ ಇದನ್ನೇ. ತೊಡಕಿರುವುದು ಪ್ರತಿಕ್ರಿಯೆಯನ್ನು ಓದುವುದರಲ್ಲಿ. ತಟ್ಟೆ ಬಡಿದಾಗ ನೆಲ ಅದುರುತ್ತದೆ, ಗೋಡೆಯ ಮೇಲೆ ನೆರಳು ಅಲ್ಲಾಡುತ್ತದೆ, ಎದುರಿಗೆ ಕುಳಿತ ತಾಯಿಯ ಮುಖ ಬದಲಾಗುತ್ತದೆ. ಕಿವಿ ಕೇಳದ ಮಗು ಇವುಗಳಲ್ಲಿ ಯಾವುದನ್ನಾದರೂ ಕಂಡು ತಿರುಗೀತು. ಕಿವಿ ಕೇಳುವ ಮಗು ಆಟದಲ್ಲಿ ಮೈಮರೆತು ಸುಮ್ಮನಿದ್ದೀತು. 'ಅವರಪ್ಪನೂ ಮಾತಾಡಿದ್ದು ಮೂರು ವರ್ಷಕ್ಕೇ' ಎಂಬ ಸಮಾಧಾನದ ಮಾತಿನಲ್ಲಿ ವರ್ಷಗಳು ಕಳೆದುಹೋಗುತ್ತವೆ. ಮಾತು ಕಲಿಯಲು ಮಿದುಳು ಹೆಚ್ಚು ಸಿದ್ಧವಾಗಿರುವುದು ಆ ವರ್ಷಗಳಲ್ಲೇ.

ಈಗ ಆಸ್ಪತ್ರೆಗಳಲ್ಲಿ ನಡೆಯುವುದು ಬೇರೆ. ಮಗು ತಾಯಿಯ ಮಡಿಲಲ್ಲೋ ಮಂಚದ ಮೇಲೋ ನಿದ್ದೆ ಹೋಗಿರುತ್ತದೆ. ಹಣೆ ಅಥವಾ ನೆತ್ತಿಗೆ ಒಂದು, ಎರಡು ಕಿವಿಗಳ ಹಿಂದೆ ಒಂದೊಂದು, ಹೀಗೆ ಮೂರು ನಾಲ್ಕು ಸಣ್ಣ ಬಿಲ್ಲೆಗಳನ್ನು ಅಂಟಿಸುತ್ತಾರೆ. ಕಿವಿಗೆ 'ಟಿಕ್ ಟಿಕ್' ಎಂಬ ಸದ್ದನ್ನು ಸಾವಿರಾರು ಬಾರಿ ಕೇಳಿಸುತ್ತಾರೆ. ಮಗು ಏಳುವುದೂ ಇಲ್ಲ, ಬೆಚ್ಚುವುದೂ ಇಲ್ಲ. ಆದರೆ ಯಂತ್ರದ ಪರದೆಯ ಮೇಲೆ ಒಂದು ಗೆರೆ ಏಳುತ್ತ ಬೀಳುತ್ತ ಸಾಗಿ, ಸದ್ದು ಕಿವಿಯಿಂದ ಮಿದುಳಿನ ಬುಡಕ್ಕೆ ತಲುಪಿತೇ ಇಲ್ಲವೇ ಎಂಬುದನ್ನು ತಿಳಿಸುತ್ತದೆ. ಮಗುವನ್ನು ಯಾರೂ ಏನನ್ನೂ ಕೇಳಲಿಲ್ಲ. ಮಗುವಿನ ಪರವಾಗಿ ಅದರ ನರವೇ ಸಾಕ್ಷಿ ಹೇಳಿತು.

ಹೀಗೆ ನರದ ಬಾಯಿಂದ ಸಾಕ್ಷಿ ಹೇಳಿಸುವ ವಿದ್ಯೆ ಮನುಷ್ಯನಿಗೆ ಹೇಗೆ ದಕ್ಕಿತು? ಈ ಕಥೆ ಕಪ್ಪೆಯ ಕಾಲಿನಿಂದ ಹೊರಟು ನಮ್ಮ ಸುಪ್ರೀಂ ಕೋರ್ಟಿನವರೆಗೆ ಬರುತ್ತದೆ.

ಅಳೆಯಲಾಗದು ಎಂದುಕೊಂಡ ವೇಗ

ಇಟಲಿಯ ಬೊಲೋನ್ಯಾ ನಗರದ ಲುಯಿಜಿ ಗಾಲ್ವಾನಿ, ಸತ್ತ ಕಪ್ಪೆಯ ಕಾಲು ವಿದ್ಯುತ್ತಿನ ಸ್ಪರ್ಶಕ್ಕೆ ಜಗ್ಗಿ ಒದೆಯುವುದನ್ನು ಕಂಡು 1791ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಪ್ರಾಣಿಯ ದೇಹದೊಳಗೇ ವಿದ್ಯುತ್ತು ಇದೆ ಎಂಬುದು ಅವನ ವಾದ. ಅವನ ದೇಶದವನೇ ಆದ ಅಲೆಸಾಂಡ್ರೊ ವೋಲ್ಟಾ ಇದನ್ನು ಒಪ್ಪಲಿಲ್ಲ. ವಿದ್ಯುತ್ತು ಹುಟ್ಟುವುದು ಕಪ್ಪೆಯಲ್ಲಲ್ಲ, ಅದಕ್ಕೆ ತಾಗಿಸಿದ ಎರಡು ಬಗೆಯ ಲೋಹಗಳಲ್ಲಿ ಎಂದ ಆತ, ಅದನ್ನು ತೋರಿಸುವ ಹಾದಿಯಲ್ಲಿ 1800ರಲ್ಲಿ ಜಗತ್ತಿಗೆ ಬ್ಯಾಟರಿಯನ್ನು ಕೊಟ್ಟ. ಜಗಳದಲ್ಲಿ ಇಬ್ಬರೂ ಸ್ವಲ್ಪ ಸ್ವಲ್ಪ ಸರಿಯಾಗಿದ್ದರು. ನರದಲ್ಲಿ ನಿಜವಾಗಿಯೂ ವಿದ್ಯುತ್ತಿನ ಏರಿಳಿತ ಸಾಗುತ್ತದೆ ಎಂಬುದನ್ನು 1840ರ ದಶಕದಲ್ಲಿ ಬರ್ಲಿನ್ನಿನ ಎಮಿಲ್ ದ್ಯುಬ್ವಾ-ರೇಮೋಂ ಸೂಕ್ಷ್ಮ ಉಪಕರಣದಿಂದ ತೋರಿಸಿಕೊಟ್ಟ.

ಹಾಗಾದರೆ ಈ ಸಂದೇಶ ಎಷ್ಟು ವೇಗವಾಗಿ ಸಾಗುತ್ತದೆ? ದ್ಯುಬ್ವಾ-ರೇಮೋಂನ ಗುರು, ಆ ಕಾಲದ ಶರೀರಕ್ರಿಯಾಶಾಸ್ತ್ರದ ದೊಡ್ಡ ಹೆಸರಾದ ಯೋಹಾನಸ್ ಮ್ಯೂಲರ್, ಇದನ್ನು ಅಳೆಯುವ ಸಾಧನ ಮನುಷ್ಯನಿಗೆ ಬಹುಶಃ ಎಂದೂ ಸಿಗಲಾರದು ಎಂದು ಭಾವಿಸಿದ್ದ. ಬೆಳಕಿನ ವೇಗ ಅಳೆಯಲು ಗ್ರಹಗಳ ನಡುವಿನ ದೂರವಿದೆ. ದೇಹದಲ್ಲಿರುವುದು ಕೆಲವು ಅಡಿಗಳ ನರ. ಇಷ್ಟು ಚಿಕ್ಕ ದಾರಿಯಲ್ಲಿ ಅಂಥ ವೇಗವನ್ನು ಹಿಡಿಯುವುದು ಹೇಗೆ ಎಂಬುದು ಅವನ ತರ್ಕ.

ಗುರುವಿನ ಈ ಮಾತನ್ನು ಸುಳ್ಳು ಮಾಡಿದವನು ಅವನ ಇನ್ನೊಬ್ಬ ಶಿಷ್ಯ ಹರ್ಮನ್ ಹೆಲ್ಮ್‌ಹೋಲ್ಟ್ಸ್. ಕ್ಯೋನಿಗ್ಸ್‌ಬರ್ಗಿನಲ್ಲಿ ತರುಣ ಪ್ರಾಧ್ಯಾಪಕನಾಗಿದ್ದ ಆತನ ಉಪಾಯ ಸರಳವಾಗಿತ್ತು. ಕಪ್ಪೆಯ ಕಾಲಿನ ಸ್ನಾಯುವನ್ನು ಅದರ ನರದ ಸಮೇತ ಬಿಡಿಸಿ ಇಟ್ಟ. ನರಕ್ಕೆ ವಿದ್ಯುತ್ ತಾಗಿದ ಕ್ಷಣಕ್ಕೆ ಇನ್ನೊಂದು ತಂತಿಯಲ್ಲಿ ವಿದ್ಯುತ್ ಹರಿಯಲು ಶುರುವಾಗಬೇಕು. ಸ್ನಾಯು ಸೆಳೆದ ಕ್ಷಣಕ್ಕೆ ಆ ಹರಿವು ಕಡಿದುಹೋಗಬೇಕು. ಅಷ್ಟು ಹೊತ್ತು ಹರಿದ ವಿದ್ಯುತ್ತು ಮಾಪಕದ ಕಾಂತವನ್ನು ಎಷ್ಟು ತಿರುಗಿಸಿತೋ ಅಷ್ಟು ಕಾಲ. ಮೊದಲು ಸ್ನಾಯುವಿನ ಹತ್ತಿರ ನರವನ್ನು ಕೆಣಕಿ ಅಳೆದ, ಆಮೇಲೆ ದೂರದಲ್ಲಿ ಕೆಣಕಿ ಅಳೆದ. ಎರಡು ಕಾಲಗಳ ವ್ಯತ್ಯಾಸವೇ ಆ ನಡುವಣ ತುಂಡು ನರವನ್ನು ದಾಟಲು ಹಿಡಿದ ಸಮಯ. ಮಾಪಕದ ಅಂಕಿಗಳನ್ನು ದಾಖಲಿಸಲು ಜೊತೆಗಿದ್ದವಳು ಹೆಂಡತಿ ಓಲ್ಗಾ.

1850ರಲ್ಲಿ ಹೊರಬಿದ್ದ ಉತ್ತರ ಎಲ್ಲರನ್ನೂ ಬೆರಗುಗೊಳಿಸಿತು. ಬೆರಗು ವೇಗ ಹೆಚ್ಚೆಂದು ಅಲ್ಲ, ಕಡಿಮೆಯೆಂದು. ಕಪ್ಪೆಯ ನರದಲ್ಲಿ ಸಂದೇಶ ಸೆಕೆಂಡಿಗೆ ಸುಮಾರು 25ರಿಂದ 40 ಮೀಟರ್ ಸಾಗುತ್ತಿತ್ತು. ಗಾಳಿಯಲ್ಲಿ ಸದ್ದು ಸಾಗುವ ವೇಗ ಸೆಕೆಂಡಿಗೆ 340 ಮೀಟರ್. ನರದ ಸಂದೇಶ ಅದರ ಹತ್ತನೆಯ ಒಂದು ಭಾಗದಷ್ಟು.

ಹೆಲ್ಮ್‌ಹೋಲ್ಟ್ಸನ ತಂದೆಗೂ ಇದು ರುಚಿಸಲಿಲ್ಲ. ಅವರು ತತ್ವಶಾಸ್ತ್ರ ಓದಿದ ಶಾಲಾ ಉಪಾಧ್ಯಾಯರು. ಮನಸ್ಸಿನ ಸಂಕಲ್ಪ ಮತ್ತು ದೇಹದ ಚಲನೆ ಒಂದೇ ಕ್ರಿಯೆ, ಅವೆರಡರ ನಡುವೆ ಕಾಲ ಎಲ್ಲಿಂದ ಬಂತು ಎಂದು ಮಗನಿಗೆ ಬರೆದರು. ಎಂದೋ ಅಳಿದುಹೋದ ನಕ್ಷತ್ರ ಇಂದಿಗೂ ಕಾಣುತ್ತದೆ ಎಂದಂತಾಯಿತು ಎಂಬುದು ಅವರ ಆಕ್ಷೇಪ. ವಿಚಿತ್ರವೆಂದರೆ ಆ ನಕ್ಷತ್ರದ ಮಾತೂ ನಿಜ, ಮಗನ ಮಾತೂ ನಿಜ. ಕಾಲ್ಬೆರಳು ಹೊಸ್ತಿಲಿಗೆ ಎಡವಿದಾಗ ಗಮನಿಸಿ ನೋಡಿ. ತಗುಲಿದ್ದು ಮೊದಲು ತಿಳಿಯುತ್ತದೆ; 'ಅಯ್ಯೋ' ಎನ್ನಿಸುವ ಉರಿನೋವು ಕ್ಷಣ ಬಿಟ್ಟು ಬರುತ್ತದೆ. ಸ್ಪರ್ಶ ತರುವ ದಪ್ಪ ತಂತುಗಳಲ್ಲಿ ಸಂದೇಶ ಸೆಕೆಂಡಿಗೆ ಐವತ್ತು ಮೀಟರಿನಂತೆ ಓಡಿದರೆ, ಆ ಬಗೆಯ ನೋವು ತರುವ ತೆಳು ತಂತುಗಳಲ್ಲಿ ಅದು ಸೆಕೆಂಡಿಗೆ ಒಂದು ಮೀಟರಿನ ಆಸುಪಾಸಿನಲ್ಲಿ ನಡೆದು ಬರುತ್ತದೆ.

ಲಿವರ್‌ಪೂಲಿನ ಮೊಲಗಳು

ನರದ ಮಾತು ಹೀಗಾಯಿತು. ನರಗಳೆಲ್ಲ ಹೋಗಿ ಸೇರುವ ಮಿದುಳಿನಲ್ಲಿ ಏನಾಗುತ್ತದೆ?

ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ರಿಚರ್ಡ್ ಕೇಟನ್ ಎಂಬ ವೈದ್ಯನಿದ್ದ. ಮೊಲ ಮತ್ತು ಕೋತಿಗಳ ಮಿದುಳನ್ನು ತೆರೆದು ಅದರ ಮೇಲೆ ವಿದ್ಯುತ್ ತಂತಿಗಳ ತುದಿಗಳನ್ನಿಟ್ಟು, ಅವನ್ನು ಕನ್ನಡಿ ಕೂಡಿಸಿದ ಗ್ಯಾಲ್ವನೋಮೀಟರಿಗೆ ಜೋಡಿಸಿದ. ವಿಲಿಯಂ ಥಾಮ್ಸನ್ ರೂಪಿಸಿದ ಈ ಉಪಕರಣ ಅಟ್ಲಾಂಟಿಕ್ ಸಾಗರದಡಿಯ ತಂತಿಯಲ್ಲಿ ಬರುವ ದುರ್ಬಲ ಟೆಲಿಗ್ರಾಫ್ ಸಂಕೇತಗಳನ್ನು ಓದಲು ಬಳಕೆಯಾಗುತ್ತಿತ್ತು. ಸಣ್ಣ ಕನ್ನಡಿಯೊಂದು ಕೂದಲೆಳೆಯಷ್ಟು ತಿರುಗಿದರೂ ಅದರಿಂದ ಪ್ರತಿಫಲಿಸಿದ ಬೆಳಕಿನ ಚುಕ್ಕೆ ದೂರದ ಅಳತೆಪಟ್ಟಿಯ ಮೇಲೆ ಎದ್ದು ಕಾಣುವಂತೆ ಸರಿಯುತ್ತದೆ. ಮಿದುಳು ಸುಮ್ಮನಿದ್ದಾಗಲೂ ಬೆಳಕಿನ ಚುಕ್ಕೆ ಅಲುಗುತ್ತಿತ್ತು. ಪ್ರಾಣಿಯ ಕಣ್ಣಿಗೆ ಬೆಳಕು ಬಿಟ್ಟಾಗ ಮಿದುಳಿನ ಒಂದು ನಿರ್ದಿಷ್ಟ ಭಾಗದಲ್ಲಿ ವಿದ್ಯುತ್ತು ಬದಲಾಗುತ್ತಿತ್ತು. 1875ರಲ್ಲಿ ಎಡಿನ್‌ಬರೋದಲ್ಲಿ ಸೇರಿದ್ದ ಬ್ರಿಟಿಷ್ ವೈದ್ಯಕೀಯ ಸಂಘದ ಸಭೆಯಲ್ಲಿ ಕೇಟನ್ ಇದನ್ನು ವರದಿ ಮಾಡಿದ. ಹೊರಗಿನ ಪ್ರಚೋದನೆಗೆ ಮಿದುಳು ಕೊಟ್ಟ ವಿದ್ಯುತ್ ಉತ್ತರವನ್ನು ಮನುಷ್ಯ ಓದಿದ್ದು ಅದೇ ಮೊದಲು.

ಓದಿದರೂ ಜಗತ್ತು ಕೇಳಿಸಿಕೊಳ್ಳಲಿಲ್ಲ. ವರದಿ ಅಚ್ಚಾದದ್ದು ವೈದ್ಯರ ಪತ್ರಿಕೆಯಲ್ಲಿ. ಯುರೋಪಿನ ಶರೀರಕ್ರಿಯಾತಜ್ಞರು ಓದುತ್ತಿದ್ದುದು ಜರ್ಮನ್ ಪತ್ರಿಕೆಗಳನ್ನು. ಹದಿನೈದು ವರ್ಷ ಕಳೆದು 1890ರಲ್ಲಿ ಪೋಲೆಂಡಿನ ಕ್ರಾಕೋವ್ ನಗರದ ಆಡಾಲ್ಫ್ ಬೆಕ್ ಎಂಬ ತರುಣ ಇದೇ ಸಂಗತಿಯನ್ನು ತಾನೇ ಮೊದಲು ಕಂಡೆನೆಂದು ಜರ್ಮನ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ. ಕೂಡಲೇ ವಿಯೆನ್ನಾದ ಅರ್ನ್‌ಸ್ಟ್ ಫ್ಲೈಷ್ಲ್ ಎಂಬವನು, ತಾನು ಇದನ್ನು ಎಂದೋ ಕಂಡು 1883ರಲ್ಲೇ ಮೊಹರು ಮಾಡಿದ ಲಕೋಟೆಯಲ್ಲಿ ಬರೆದು ವಿಜ್ಞಾನ ಅಕಾಡೆಮಿಯಲ್ಲಿ ಇಟ್ಟಿರುವುದಾಗಿ ಹೇಳಿದ. ಲಕೋಟೆ ಒಡೆದರು, ಮಾತು ನಿಜವಾಗಿತ್ತು. ಇಬ್ಬರ ವಾದ ನಡೆಯುತ್ತಿರುವಾಗ ಕೇಟನ್‌ನಿಂದ ಒಂದು ಪತ್ರ ಬಂತು: ನಾನು ಇದನ್ನು 1875ರಲ್ಲೇ ಪ್ರಕಟಿಸಿದ್ದೇನೆ. ವಾದ ಅಲ್ಲಿಗೆ ಮುಗಿಯಿತು.

ಕೇಟನ್ ಮುಂದೆ ಲಿವರ್‌ಪೂಲಿನ ಮೇಯರ್ ಆದ. ಬೆಕ್ ಲ್ವೂಫ್ ನಗರದಲ್ಲಿ ಪ್ರಾಧ್ಯಾಪಕನಾಗಿ ಹೆಸರು ಗಳಿಸಿದ. ಆದರೆ ಆತ ಯಹೂದಿ. 1942ರಲ್ಲಿ, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, ನಾಜಿಗಳು ಕೊಂಡೊಯ್ಯಲು ಬಂದಾಗ ಸಯನೈಡ್ ಸೇವಿಸಿ ಪ್ರಾಣ ಬಿಟ್ಟ. ಮಿದುಳಿನ ದನಿಯನ್ನು ಮೊದಲು ಆಲಿಸಿದವರಲ್ಲಿ ಒಬ್ಬನ ಬದುಕು ಹೀಗೆ ಮುಗಿಯಿತು.

ಜಾತ್ರೆಯ ಗದ್ದಲದಲ್ಲಿ ಒಂದು ದನಿ

ತೆರೆದ ಮಿದುಳಿನಲ್ಲಿ ಕಂಡದ್ದನ್ನು ಬದುಕಿರುವ ಮನುಷ್ಯನ ಮುಚ್ಚಿದ ತಲೆಯ ಮೇಲಿಂದ ಕಾಣುವುದು ಹೇಗೆ? ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದ. ನಂಬಿಕೆ ಬರಲು ಐದು ವರ್ಷ ಮತ್ತೆ ಮತ್ತೆ ಪರೀಕ್ಷಿಸಿ 1929ರಲ್ಲಿ ಪ್ರಕಟಿಸಿದ. ಇಂದು ಮೂರ್ಛೆರೋಗ ಇದ್ದವರಿಗೆಲ್ಲ ಪರಿಚಿತವಾಗಿರುವ ಇ.ಇ.ಜಿ. ಎಂದರೆ ಇದೇ. ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ 1934ರಲ್ಲಿ ಇದನ್ನು ದೃಢಪಡಿಸಿದ ಮೇಲಷ್ಟೇ ಜಗತ್ತು ಒಪ್ಪಿತು.

ಆದರೆ ಇ.ಇ.ಜಿ. ತೋರಿಸುವುದು ಇಡೀ ಮಿದುಳಿನ ಒಟ್ಟು ಗದ್ದಲವನ್ನು. ಒಂದು ಬೆಳಕಿಗೋ ಒಂದು ಸದ್ದಿಗೋ ಮಿದುಳು ಕೊಡುವ ಪ್ರತ್ಯೇಕ ಉತ್ತರ ಅದರೊಳಗೆ ಮುಳುಗಿಹೋಗಿರುತ್ತದೆ. ಇ.ಇ.ಜಿ. ಅಲೆಗಳು ಹತ್ತಾರು ಮೈಕ್ರೋವೋಲ್ಟ್ ಇದ್ದರೆ (ಒಂದು ಮೈಕ್ರೋವೋಲ್ಟ್ ಎಂದರೆ ವೋಲ್ಟಿನ ಹತ್ತು ಲಕ್ಷದ ಒಂದು ಭಾಗ) ಈ ಉತ್ತರಗಳು ಕೆಲವೇ ಮೈಕ್ರೋವೋಲ್ಟ್. ಕೆಲವು ಒಂದಕ್ಕಿಂತಲೂ ಕಡಿಮೆ. ಅಮೆರಿಕದ ಪಾಲಿನ್ ಡೇವಿಸ್ ಎಂಬಾಕೆ 1939ರಲ್ಲಿ, ಎಚ್ಚರವಿದ್ದವರ ಇ.ಇ.ಜಿ.ಯಲ್ಲಿ ಸದ್ದಿಗೆ ಬಂದ ಉತ್ತರವನ್ನು ಕಣ್ಣಿಂದಲೇ ಗುರುತಿಸಿ ವರದಿ ಮಾಡಿದಳು. ಎಲ್ಲ ಬಾರಿಯೂ ಎಲ್ಲರಲ್ಲೂ ಅದು ಹಾಗೆ ಕಾಣುವಂತಿರಲಿಲ್ಲ.

ದಾರಿ ತೋರಿಸಿದವನು ಲಂಡನ್ನಿನ ಕ್ವೀನ್ ಸ್ಕ್ವೇರ್‌ನಲ್ಲಿರುವ ನರರೋಗ ಆಸ್ಪತ್ರೆಯ ಜಾರ್ಜ್ ಡಾಸನ್. ಮೈ ಜಗ್ಗುವ ಒಂದು ಬಗೆಯ ಮೂರ್ಛೆರೋಗದವರಲ್ಲಿ ಕೈಯ ನರವನ್ನು ವಿದ್ಯುತ್ತಿನಿಂದ ಕೆಣಕಿದಾಗ ಮಿದುಳಿನ ಉತ್ತರ ಅಸಾಮಾನ್ಯವಾಗಿ ದೊಡ್ಡದಿರುವುದನ್ನು ಆತ 1947ರಲ್ಲಿ ವರದಿ ಮಾಡಿದ. ಹಾಗಾದರೆ ಆರೋಗ್ಯವಂತರಲ್ಲೂ ಅದು ಇರಲೇಬೇಕು, ಚಿಕ್ಕದಾಗಿ. ಅದನ್ನು ಹಿಡಿಯಲು ಆತ ಮೊದಲು ಅನೇಕ ಬಾರಿಯ ಗೆರೆಗಳನ್ನು ಒಂದೇ ಛಾಯಾಚಿತ್ರದ ಮೇಲೆ ಒಂದರ ಮೇಲೊಂದು ಮೂಡಿಸಿದ. ಆಮೇಲೆ 1951ರಲ್ಲಿ ಅವನ್ನು ತಾನೇ ಕೂಡಿಸುತ್ತ ಹೋಗುವ ಒಂದು ಯಂತ್ರವನ್ನು ತೋರಿಸಿದ. ಮೋಟಾರಿನಿಂದ ತಿರುಗುವ ಸ್ವಿಚ್ಚು, ಅದರ ಸುತ್ತ ಸಾಲು ಸಾಲು ಕೆಪಾಸಿಟರುಗಳು. ಕಂಪ್ಯೂಟರು ಆಸ್ಪತ್ರೆಗೆ ಕಾಲಿಡುವ ಮುಂಚಿನ ಮಾತು.

ಇದರ ಗುಟ್ಟು ಇಷ್ಟೇ. ದೊಡ್ಡ ಜಾತ್ರೆ ನಡೆದಿದೆ ಎಂದುಕೊಳ್ಳಿ. ಸಾವಿರ ಬಾಯಿಗಳ ಗದ್ದಲ. ಅದರ ನಡುವೆ ದೂರದ ಗುಡಿಯಲ್ಲಿ ಒಬ್ಬ ಪ್ರತಿ ನಿಮಿಷದ ಮೊದಲ ಸೆಕೆಂಡಿಗೆ ಸರಿಯಾಗಿ ಮೆಲ್ಲನೆ ಗಂಟೆ ಬಾರಿಸುತ್ತಿದ್ದಾನೆ. ಒಂದು ಸಲ ಕೇಳಿದರೆ ಗಂಟೆ ತಿಳಿಯದು. ಆದರೆ ಜಾತ್ರೆಯ ಸದ್ದನ್ನು ಧ್ವನಿಮುದ್ರಿಸಿಕೊಂಡು, ನಿಮಿಷ ನಿಮಿಷದ ತುಂಡುಗಳಾಗಿ ಕತ್ತರಿಸಿ, ಆ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಕೂಡಿಸಿದರೆ? ಗದ್ದಲ ಒಮ್ಮೆ ಏರು, ಒಮ್ಮೆ ಇಳಿತ. ಅದು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಗಂಟೆ ಮಾತ್ರ ಪ್ರತಿ ತುಂಡಿನಲ್ಲೂ ಒಂದೇ ಜಾಗದಲ್ಲಿ ಇರುವುದರಿಂದ ಬೆಳೆಯುತ್ತ ಹೋಗುತ್ತದೆ. ನೂರು ಬಾರಿ ಕೂಡಿಸಿದರೆ ಗದ್ದಲದ ಮುಂದೆ ಗಂಟೆ ಹತ್ತು ಪಟ್ಟು ಸ್ಪಷ್ಟ. ಎರಡು ಸಾವಿರ ಬಾರಿ ಕೂಡಿಸಿದರೆ ಸುಮಾರು ನಲವತ್ತೈದು ಪಟ್ಟು. ಮಲಗಿದ ಮಗುವಿನ ಕಿವಿಯಲ್ಲಿ 'ಟಿಕ್' ಸದ್ದನ್ನು ಸಾವಿರಾರು ಬಾರಿ ಕೇಳಿಸುವುದು ಇದಕ್ಕಾಗಿಯೇ. 1960ರ ದಶಕದಲ್ಲಿ ಡಾಸನ್ನನ ಚಕ್ರದ ಕೆಲಸವನ್ನು ವಿದ್ಯುನ್ಮಾನ ಯಂತ್ರಗಳು ವಹಿಸಿಕೊಂಡವು. ಈ ಪರೀಕ್ಷೆ ಸಂಶೋಧಕರ ಕೋಣೆಯಿಂದ ಆಸ್ಪತ್ರೆಗೆ ಬಂತು.

'ನಿಮಗೆ ಏನೂ ಇಲ್ಲ' ಎನ್ನಿಸಿಕೊಂಡವರು

ಇಷ್ಟರಲ್ಲಿ ಕೈಕಾಲಿನ ನರಗಳ ಪರೀಕ್ಷೆಯೂ ಬೆಳೆದಿತ್ತು. ಎರಡನೆಯ ಮಹಾಯುದ್ಧ ಮುಗಿದಾಗ ನರಕ್ಕೆ ಪೆಟ್ಟುಬಿದ್ದ ಸೈನಿಕರು ಸಾವಿರಾರು ಮಂದಿ. ಚರ್ಮದ ಮೇಲಿಂದಲೇ ನರವನ್ನು ಎರಡು ಕಡೆ ಕೆಣಕಿ, ಸ್ನಾಯು ಎಷ್ಟು ಹೊತ್ತಿಗೆ ಉತ್ತರಿಸುತ್ತದೆ ಎಂದು ಅಳೆದು ವೇಗ ಕಂಡುಹಿಡಿಯುವ ಕ್ರಮ 1948ರಲ್ಲಿ ಅಮೆರಿಕದಿಂದ ವರದಿಯಾಯಿತು. ಹೆಲ್ಮ್‌ಹೋಲ್ಟ್ಸ್ ಕಪ್ಪೆಗೆ ಮಾಡಿದ್ದನ್ನೇ ಸುಮಾರು ನೂರು ವರ್ಷದ ನಂತರ ಮನುಷ್ಯನಿಗೆ ಮಾಡಿದಂತಾಯಿತು. ಆರೋಗ್ಯವಂತರ ತೋಳಿನ ನರದಲ್ಲಿ ಈ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 50 ಮೀಟರಿಗಿಂತ ಹೆಚ್ಚು, ಕಾಲಿನಲ್ಲಿ 40ಕ್ಕಿಂತ ಹೆಚ್ಚು.

ಈ ಅಂಕಿಗಳ ಹಿಂದೆ ಮನುಷ್ಯರಿದ್ದಾರೆ. ರಾತ್ರಿ ಕೈ ಜೋಮು ಹಿಡಿದು, ಬೆರಳು ಉರಿದು, ಎದ್ದು ಕೈ ಕೊಡವುತ್ತ ಕೂರುವ ಹೆಂಗಸರನ್ನು ನಾವೆಲ್ಲ ಕಂಡಿದ್ದೇವೆ. ಬಟ್ಟೆ ಹಿಂಡಿ, ರುಬ್ಬಿ, ಹೊಲಿದು ದಣಿದ ಕೈ. 'ವಾಯು' ಎಂದೋ 'ನಿಶ್ಶಕ್ತಿ' ಎಂದೋ ಟಾನಿಕ್ಕು ಕೊಟ್ಟು ಕಳಿಸುವುದು ರೂಢಿ. 1956ರಲ್ಲಿ ಸ್ಕಾಟ್ಲೆಂಡಿನ ಜಾನ್ ಸಿಂಪ್ಸನ್, ಇಂಥವರಲ್ಲಿ ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ನರ ಒತ್ತಿಹೋಗಿ ಅದರ ಸಂದೇಶ ಅಲ್ಲಿ ನಿಧಾನವಾಗುತ್ತದೆ ಎಂದು ಅಳೆದು ತೋರಿಸಿದ. ಇಂದು ಸಕ್ಕರೆ ಕಾಯಿಲೆಯವರ ಪಾದ ಮರಗಟ್ಟಿದಾಗ, ಕುಷ್ಠರೋಗದಲ್ಲಿ ಮೊಣಕೈಯ ನರ ದಪ್ಪಗಾದಾಗ ಇದೇ ಪರೀಕ್ಷೆ ನೆರವಿಗೆ ಬರುತ್ತದೆ.

ಕಣ್ಣಿನ ಕಥೆ ಇನ್ನೂ ದೊಡ್ಡದು. ನರತಂತುಗಳ ಸುತ್ತ, ವಿದ್ಯುತ್ ತಂತಿಗೆ ಇರುವಂತೆ, ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಅದು ಅಲ್ಲಲ್ಲಿ ಬಿಟ್ಟು ಬಿಟ್ಟು ಇರುವುದರಿಂದ ಸಂದೇಶ ನಡೆಯುವ ಬದಲು ಕುಪ್ಪಳಿಸಿ ಸಾಗುತ್ತದೆ. ಹಾಗಾಗಿ ಅದಕ್ಕೆ ವೇಗ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯ ಈ ಹೊದಿಕೆಯನ್ನು ಅಲ್ಲಲ್ಲಿ ಕಿತ್ತುಹಾಕುತ್ತದೆ. ಒಂದು ದಿನ ಕಣ್ಣು ಮಂಜಾಗುತ್ತದೆ, ಕೆಲವು ವಾರಕ್ಕೆ ಸರಿಹೋಗುತ್ತದೆ. ವರ್ಷ ಬಿಟ್ಟು ಕಾಲು ಸೋಲುತ್ತದೆ, ಅದೂ ಸರಿಹೋಗುತ್ತದೆ. ವೈದ್ಯರ ಬಳಿ ಹೋಗುವ ಹೊತ್ತಿಗೆ ತೋರಿಸಲು ಏನೂ ಉಳಿದಿರುವುದಿಲ್ಲ. ಹೀಗೆ ಬಂದು ಹೋಗುವ ತೊಂದರೆ ಹೇಳಿಕೊಂಡ ಎಷ್ಟೋ ಮಂದಿಗೆ, ಅದರಲ್ಲೂ ತರುಣಿಯರಿಗೆ, 'ಹಿಸ್ಟೀರಿಯಾ' ಎಂಬ ಹಣೆಪಟ್ಟಿ ಬಿದ್ದದ್ದಿದೆ. ರೋಗಕ್ಕಿಂತ ಈ ಅಪನಂಬಿಕೆಯೇ ಹೆಚ್ಚು ನೋಯಿಸಿದ್ದೂ ಉಂಟು.

1972ರಲ್ಲಿ ಅದೇ ಕ್ವೀನ್ ಸ್ಕ್ವೇರ್ ಆಸ್ಪತ್ರೆಯ ಮಾರ್ಟಿನ್ ಹ್ಯಾಲಿಡೇ, ಇಯಾನ್ ಮೆಕ್‌ಡೊನಾಲ್ಡ್ ಮತ್ತು ಜೋನ್ ಮುಷಿನ್ ಒಂದು ಸರಳ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ರೋಗಿಯ ಮುಂದೆ ಚದುರಂಗದ ಹಾಸಿನಂಥ ಕಪ್ಪು ಬಿಳುಪಿನ ಚಿತ್ರ. ಕಪ್ಪು ಮನೆ ಬಿಳಿಯಾಗುತ್ತದೆ, ಬಿಳಿ ಮನೆ ಕಪ್ಪಾಗುತ್ತದೆ, ಮತ್ತೆ ಮತ್ತೆ. ಪ್ರತಿ ಬದಲಾವಣೆಗೂ ತಲೆಯ ಹಿಂಭಾಗದಲ್ಲಿ, ದೃಷ್ಟಿಗೆ ಮೀಸಲಾದ ಮಿದುಳಿನ ಭಾಗದ ಮೇಲೆ, ಸುಮಾರು 100 ಮಿಲಿಸೆಕೆಂಡಿಗೆ ಅಂದರೆ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೆ ಒಂದು ಅಲೆ ಏಳುತ್ತದೆ. ದೃಷ್ಟಿನರ ಉರಿಯೂತಕ್ಕೆ ಒಳಗಾದವರಲ್ಲಿ ಆ ಅಲೆ ತಡವಾಗಿ ಬಂತು. ಮುಖ್ಯವಾದ ಸಂಗತಿ ಮುಂದಿನದು: ದೃಷ್ಟಿ ಪೂರ್ತಿ ಮರಳಿದ ಮೇಲೂ ಅಲೆ ತಡವಾಗಿಯೇ ಬರುತ್ತಿತ್ತು. ಮರುವರ್ಷ ಪ್ರಕಟವಾದ ಅಧ್ಯಯನದಲ್ಲಿ, ಕಣ್ಣಿನ ತೊಂದರೆಯ ನೆನಪೇ ಇಲ್ಲದ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳಲ್ಲೂ ಅದು ಕಂಡಿತು. ರೋಗಿ ಮರೆತಿದ್ದರೂ ನರ ಮರೆತಿರಲಿಲ್ಲ. ಮುಂದೆ ಎಂ.ಆರ್.ಐ. ಬಂದು ಈ ಕಾಯಿಲೆಯ ಗುರುತುಗಳನ್ನು ಚಿತ್ರದಲ್ಲೇ ತೋರಿಸುವಂತಾದ ಮೇಲೆ ಈ ಪರೀಕ್ಷೆಯ ಪಾತ್ರ ಚಿಕ್ಕದಾಯಿತು, ಆದರೆ ಹೋಗಲಿಲ್ಲ. ಎಂ.ಆರ್.ಐ. ತೋರಿಸುವುದು ದಾರಿಯ ಚಿತ್ರವನ್ನು, ಇದು ತೋರಿಸುವುದು ದಾರಿಯಲ್ಲಿ ಬಂಡಿ ಓಡುತ್ತದೆಯೇ ಎಂಬುದನ್ನು.

ಸೆಕೆಂಡಿನ ನೂರನೆಯ ಭಾಗ

ಮತ್ತೆ ಮಗುವಿನ ಕಿವಿಗೆ ಬರೋಣ. 1967ರಲ್ಲಿ ಜೆರುಸಲೆಮ್‌ನ ಸೋಮರ್ ಮತ್ತು ಫೈನ್‌ಮೆಸರ್, 1970ರಲ್ಲಿ ಅಮೆರಿಕದ ಡಾನ್ ಜ್ಯೂವೆಟ್ ಮತ್ತು ಸಂಗಡಿಗರು ಅತಿ ಸಣ್ಣ ಅಲೆಗಳ ಒಂದು ಸಾಲನ್ನು ವರದಿ ಮಾಡಿದರು. ಕಿವಿಗೆ ಸದ್ದು ಬಿದ್ದ ಮೊದಲ ಹತ್ತು ಮಿಲಿಸೆಕೆಂಡಿನೊಳಗೆ ಅವೆಲ್ಲ ಬಂದು ಮುಗಿಯುತ್ತವೆ. ಒಂದರಿಂದ ಏಳರವರೆಗೆ ಅವಕ್ಕೆ ಸಂಖ್ಯೆ. ಮೊದಲನೆಯದು ಶ್ರವಣನರದ್ದು, ಐದನೆಯದು ಬರುವ ಹೊತ್ತಿಗೆ ಸಂದೇಶ ಮಿದುಳಕಾಂಡದ ಮೇಲ್ತುದಿಯ ಹತ್ತಿರ ಬಂದಿರುತ್ತದೆ. ರೈಲು ಯಾವ ಸ್ಟೇಷನ್ನಿಗೆ ಎಷ್ಟು ಹೊತ್ತಿಗೆ ಬಂತು ಎಂದು ಬರೆದಿಟ್ಟ ಪಟ್ಟಿಯಂತೆ ಇದು. ಯಾವ ಎರಡು ಸ್ಟೇಷನ್ನುಗಳ ನಡುವೆ ತಡವಾಯಿತು ಎಂಬುದೂ ತಿಳಿಯುತ್ತದೆ. ನಿದ್ದೆಯಲ್ಲೂ ಈ ಅಲೆಗಳು ಅಳಿಯುವುದಿಲ್ಲವಾದ್ದರಿಂದ ಮಗುವನ್ನು ಎಬ್ಬಿಸಬೇಕಾಗಿಲ್ಲ. 1974ರಲ್ಲಿ ಹೆಕಾಕ್ಸ್ ಮತ್ತು ಗಲಾಂಬೋಸ್ ಇದರಿಂದ ಕೂಸುಗಳ ಶ್ರವಣಶಕ್ತಿ ಪರೀಕ್ಷಿಸಬಹುದೆಂದು ತೋರಿಸಿದರು. 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್, ಆರೋಗ್ಯವಾಗಿರುವ ಒಳಗಿವಿ ಸದ್ದಿಗೆ ಪ್ರತಿಯಾಗಿ ತಾನೇ ಒಂದು ಅತಿ ಮೆಲ್ಲನೆಯ ಸದ್ದು ಹೊರಡಿಸುತ್ತದೆ ಎಂದು ಕಂಡ. ಈ ಎರಡೂ ಸೇರಿ ಹುಟ್ಟಿದ ಕೂಸಿನ ಶ್ರವಣಪರೀಕ್ಷೆಗೆ ಬುನಾದಿಯಾದವು.

ನಮ್ಮ ಮೈಸೂರಿನಲ್ಲಿ 1960ರ ದಶಕದಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶಕ್ಕೆ ಹಿರಿಯಣ್ಣ. 'ಬೇರಾ' ಎಂಬ ಈ ಪರೀಕ್ಷೆಯ ಹೆಸರು ಮಗುವಿನ ಕಿವಿಯ ಚಿಂತೆಯಲ್ಲಿ ಅಲೆದ ಎಲ್ಲ ತಂದೆತಾಯಿಗಳಿಗೂ ಗೊತ್ತು. ಸಂಬಂಧದೊಳಗಿನ ಮದುವೆಗಳು ಹೆಚ್ಚಾಗಿರುವ ನಮ್ಮ ಕಡೆ ವಂಶವಾಹಿಯ ಮೂಲಕ ಬರುವ ಹುಟ್ಟುಕಿವುಡಿನ ಸಾಧ್ಯತೆಯೂ ಹೆಚ್ಚು. ಮೊದಲ ತಿಂಗಳಲ್ಲಿ ಪರೀಕ್ಷೆ, ಮೂರನೆಯ ತಿಂಗಳೊಳಗೆ ಖಚಿತ ನಿರ್ಣಯ, ಆರನೆಯ ತಿಂಗಳೊಳಗೆ ಶ್ರವಣಸಾಧನ ಅಥವಾ ತರಬೇತಿ ಆರಂಭ. ತಜ್ಞರು ಇಟ್ಟುಕೊಂಡಿರುವ ಗುರಿ ಇದು. ತಟ್ಟೆ ಬಡಿದು ಕಾಯುವ ಎರಡು ಮೂರು ವರ್ಷಕ್ಕೂ ಈ ಆರು ತಿಂಗಳಿಗೂ ಇರುವ ಅಂತರ, ಮಾತು ಬರುವ ಬದುಕಿಗೂ ಮಾತು ಬರದ ಬದುಕಿಗೂ ಇರುವ ಅಂತರವಾಗಬಹುದು.

ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಲ್ಲೂ ಇದೇ ವಿದ್ಯೆ ಕಾವಲು ಕಾಯುತ್ತದೆ. ರೋಗಿಗೆ ಅರಿವಳಿಕೆ ಕೊಟ್ಟಿರುವಾಗ 'ಕಾಲು ಅಲ್ಲಾಡಿಸು' ಎನ್ನುವಂತಿಲ್ಲ. ಕಾಲಿನ ನರ ಕೆಣಕಿ ತಲೆಯ ಮೇಲೆ ಅಲೆ ಬರುತ್ತಿದೆಯೇ ಎಂದು ನೋಡುತ್ತಿರುತ್ತಾರೆ. ಅಲೆ ಕುಗ್ಗಿದರೆ ಶಸ್ತ್ರವೈದ್ಯನ ಕೈ ನಿಲ್ಲುತ್ತದೆ. ಹೃದಯ ನಿಂತು ಮತ್ತೆ ಮಿಡಿದು, ಎಚ್ಚರವಾಗದೆ ಮಲಗಿದವರಲ್ಲಿ ಮಣಿಕಟ್ಟಿನ ನರ ಕೆಣಕಿದ 20 ಮಿಲಿಸೆಕೆಂಡಿಗೆ ಮಿದುಳಿನ ಎರಡೂ ಕಡೆ ಬರಬೇಕಾದ ಅಲೆ ಬರದಿದ್ದರೆ, ಚೇತರಿಕೆಯ ಆಸೆ ತೀರಾ ಕಡಿಮೆ ಎಂದು ತಿಳಿಯಬೇಕಾಗುತ್ತದೆ. ಮನೆಯವರ ಜೊತೆ ಕೂತು ವೈದ್ಯರು ಆಡಬೇಕಾದ ಅತಿ ಕಷ್ಟದ ಮಾತಿಗೆ ಈ ಬಾರದ ಅಲೆ ಆಧಾರಗಳಲ್ಲೊಂದು.

ಕಟಕಟೆಯಲ್ಲಿ ನಿಂತ ಮಿದುಳು

ಇಲ್ಲಿಯವರೆಗೆ ನೋಡಿದ್ದೆಲ್ಲ ಮಾತಾಡಲಾರದವರ ಪರವಾಗಿ, ನಂಬಿಕೆ ಕಳೆದುಕೊಂಡವರ ಪರವಾಗಿ ನರ ನುಡಿದ ಸಾಕ್ಷಿ. ಮಾತಾಡಲು ಇಷ್ಟವಿಲ್ಲದವನ ವಿರುದ್ಧವೂ ಅದರಿಂದ ಸಾಕ್ಷಿ ಹೇಳಿಸಬಹುದೇ?

1965ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಸಟನ್ ಮತ್ತು ಸಂಗಡಿಗರು ಒಂದು ಕುತೂಹಲದ ಅಲೆಯನ್ನು ವರದಿ ಮಾಡಿದ್ದರು. ಪ್ರಚೋದನೆ ಬಂದು ಸುಮಾರು 300 ಮಿಲಿಸೆಕೆಂಡಾದ ಮೇಲೆ ಏಳುವ ಈ ಅಲೆ ಬರಿಯ ಬೆಳಕಿಗೋ ಸದ್ದಿಗೋ ಬರುವುದಲ್ಲ. ಅನಿರೀಕ್ಷಿತವಾದದ್ದು, ಅರ್ಥವುಳ್ಳದ್ದು ಎದುರಾದಾಗ ಬರುವುದು. ಹಾಗಾದರೆ ಕೊಲೆ ನಡೆದ ಜಾಗದ ಚಿತ್ರವನ್ನೋ ವಿವರವನ್ನೋ ಆರೋಪಿಯ ಮುಂದಿಟ್ಟರೆ ತಪ್ಪಿತಸ್ಥನ ಮಿದುಳು ತಾನೇ ಗುರುತು ಹಿಡಿಯುವುದಿಲ್ಲವೇ ಎಂಬ ಯೋಚನೆ ಹುಟ್ಟಿತು. ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ದೇಶದ ಅಪರಾಧ ಪ್ರಯೋಗಾಲಯಗಳಲ್ಲಿ, ಬೆಂಗಳೂರಿನಲ್ಲೂ, 'ಬ್ರೇನ್ ಮ್ಯಾಪಿಂಗ್' ಎಂಬ ಹೆಸರಿನಲ್ಲಿ ಇದು ನಡೆಯಿತು. ದಿನಪತ್ರಿಕೆಗಳಲ್ಲಿ ಮಂಪರು ಪರೀಕ್ಷೆಯ ಸುದ್ದಿಯ ಜೊತೆಗೆ ಇದರ ಹೆಸರೂ ಬರುತ್ತಿದ್ದುದು ಓದುಗರಿಗೆ ನೆನಪಿರಬಹುದು.

ವಿಜ್ಞಾನದ ಆಕ್ಷೇಪ ಸ್ಪಷ್ಟ. ಗುರುತು ಹಿಡಿಯುವುದು ಬೇರೆ, ಅಪರಾಧ ಮಾಡಿರುವುದು ಬೇರೆ. ಕೊಲೆಯನ್ನು ಕಂಡ ಸಾಕ್ಷಿಯ ಮಿದುಳೂ, ಪೊಲೀಸರ ಪ್ರಶ್ನೆಗಳನ್ನು ವಾರಗಟ್ಟಲೆ ಕೇಳಿದ ನಿರಪರಾಧಿಯ ಮಿದುಳೂ, ಪತ್ರಿಕೆ ಓದಿದವನ ಮಿದುಳೂ ಆ ವಿವರವನ್ನು ಗುರುತಿಸೀತು.

ಕಾನೂನಿನ ಪ್ರಶ್ನೆ ಇನ್ನೂ ಆಳದ್ದು. 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು ತೀರ್ಪು ಕೊಟ್ಟಿತು. ಯಾರನ್ನೂ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದು ಎನ್ನುತ್ತದೆ ಸಂವಿಧಾನದ 20ನೆಯ ವಿಧಿ. ಆದರೆ ಬೆರಳಚ್ಚು, ರಕ್ತದ ಮಾದರಿ ತೆಗೆದುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಅವು ಸಾಕ್ಷ್ಯದ ನುಡಿಯಲ್ಲ, ದೇಹದ ವಸ್ತುಗಳು. ಹಾಗಾದರೆ ಮಿದುಳಿನ ಅಲೆ ಯಾವುದು? ಬೆರಳಚ್ಚಿನಂಥ ವಸ್ತುವೋ, ಮಾತೋ? ಬಾಯಿ ತೆರೆಯದಿದ್ದರೂ ಆ ಅಲೆ ವ್ಯಕ್ತಿಯ ಅರಿವಿನಲ್ಲಿರುವುದನ್ನು ಹೊರಗೆಳೆಯುತ್ತದೆ, ಆದ್ದರಿಂದ ಅದು ನುಡಿಗೆ ಸಮ ಎಂದಿತು ನ್ಯಾಯಾಲಯ. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳಿನ ಪರೀಕ್ಷೆ ಇವುಗಳಲ್ಲಿ ಯಾವುದನ್ನೂ ಮಾಡುವಂತಿಲ್ಲ; ಒಪ್ಪಿಗೆಯಿಂದ ಮಾಡಿದರೂ ಫಲಿತಾಂಶವೇ ಪುರಾವೆಯಾಗದು ಎಂಬುದು ತೀರ್ಪಿನ ಸಾರ.

ಮಿದುಳಿನ ಅಲೆಯೂ ಮಾತೇ. ಈ ಒಂದು ವಾಕ್ಯದಲ್ಲಿ ಇಡೀ ಚರಿತ್ರೆಯ ತಿರುಳಿದೆ. ಅದು ಮಾತಾಗಿರುವುದರಿಂದಲೇ ಮಗುವಿನ ಪರವಾಗಿ ನುಡಿಯಬಲ್ಲದು. ಮಾತಾಗಿರುವುದರಿಂದಲೇ ಅದನ್ನು ಕಸಿದುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಮಾತಾದ್ದರಿಂದ ಅದಕ್ಕೂ ಮಿತಿಯಿದೆ. ಚದುರಂಗದ ಹಾಸಿನ ಮುಂದೆ ಕೂತವನು ಬೇಕೆಂದೇ ದೃಷ್ಟಿ ಸಡಿಲಿಸಿದರೆ ಅಲೆ ಕೆಡುತ್ತದೆ. ಅಲೆ ಬಂತು ಎಂದರೆ ಸಂದೇಶ ಅಲ್ಲಿಯವರೆಗೆ ತಲುಪಿತು ಎಂದಷ್ಟೇ ಅರ್ಥ. ತಲುಪಿದ್ದು ಅರ್ಥವಾಯಿತೇ ಎಂಬುದನ್ನು ಆ ಗೆರೆ ಹೇಳುವುದಿಲ್ಲ. ಅನುಭವಿ ವೈದ್ಯರು ಗೆರೆಯನ್ನು ನೋಡಿದ ಮೇಲೂ ರೋಗಿಯ ಮುಖ ನೋಡುವುದು ಇದಕ್ಕೇ.

ಅಜ್ಜಿಯ ಹಿತ್ತಾಳೆ ತಟ್ಟೆಗೆ ಇನ್ನು ಕೆಲಸವಿಲ್ಲ ಎಂದು ಇದರ ಅರ್ಥವಲ್ಲ. ಯಂತ್ರವಿಲ್ಲದ ಊರುಗಳು ಇನ್ನೂ ಬಹಳ ಇವೆ. ಮಗು ಬೆಚ್ಚಲಿಲ್ಲವಲ್ಲ ಎಂದು ಮೊದಲು ಅನುಮಾನ ಪಡುವವಳು ಇಂದಿಗೂ ಮನೆಯವಳೇ. ಆ ಅನುಮಾನ ಬಂದ ದಿನ 'ತಾನಾಗಿ ಸರಿಹೋಗುತ್ತೆ' ಎನ್ನದೆ ಆಸ್ಪತ್ರೆಗೆ ಹೊರಡುವುದೇ ಮುಖ್ಯ. ಅಲ್ಲಿ ಮಗು ಅರ್ಧ ಗಂಟೆ ನಿದ್ದೆ ಮಾಡಿದರೆ ಸಾಕು, ಮಿಕ್ಕದ್ದನ್ನು ಅದರ ನರ ಹೇಳುತ್ತದೆ.